ಒಂದು ಸಂಜೆಗೆ ಒಬ್ಬರೇ

ನರಸಿಂಗರಾಯರು ತಾಳ ಹಾಕುತ್ತಿದ್ದುದು ತಮ್ಮ ತೊಡೆಯ ಮೇಲಲ್ಲ, ಪಕ್ಕದಲ್ಲಿ ಕುಳಿತವರ ತೊಡೆಯ ಮೇಲೆ. ಅದೂ ಮೆತ್ತಗೇನಲ್ಲ. ಹೀಗಾಗಿ ಮುಳಬಾಗಿಲಿನ ಅವರ ಮನೆಯ ಪಡಸಾಲೆಯಲ್ಲಿ ಸಂಗೀತ ನಡೆದಾಗಲೆಲ್ಲ ಅವರ ಎಡಬಲ ಖಾಲಿ ಬಿದ್ದಿರುತ್ತಿತ್ತು. ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರು ಮತ್ತು ಮಗಳು ಕಮಲಿ, ಇಬ್ಬರೇ. ಪಕ್ಕದ ಮನೆಯವಳಾದ ನಾನು ಪಿಟೀಲು ಕಲಿತದ್ದು ಅವರಿಂದಲೇ.

ವರ್ಷವಿಡೀ ಅವರು ಕಾಯುತ್ತಿದ್ದುದು ರಾಮನವಮಿಯ ಸಂಗೀತಕ್ಕೆ. ಚಪ್ಪರವಿಲ್ಲ, ಮೈಕಿಲ್ಲ. ಒಬ್ಬರು ಹಾಡುವವರು, ಒಂದು ಪಿಟೀಲು, ಒಂದು ಮೃದಂಗ, ಚಾಪೆಯ ಮೇಲೆ ಹಿಡಿಸುವಷ್ಟು ಜನ. ಪ್ರತಿ ಸಂಜೆಗೂ ಒಬ್ಬರೇ ವಾಗ್ಗೇಯಕಾರರ ರಚನೆಗಳು. ದಾಸರ ಪದಗಳ ಸಂಜೆ ತೆಲುಗು ಕೃತಿ ಬರಕೂಡದು, ತೆಲುಗು ಕೃತಿಗಳ ಸಂಜೆ ಸಂಸ್ಕೃತದ್ದು ಬರಕೂಡದು. "ಒಬ್ಬರ ಮನೆಗೆ ಊಟಕ್ಕೆ ಹೋಗಿ ಇನ್ನೊಬ್ಬರ ಮನೆ ಸಾರು ಕೇಳ್ತಾರೇನಯ್ಯಾ?" ಎನ್ನುವರು.

ಒಮ್ಮೆ ಮದರಾಸಿನ ಕಡೆಯ ವಿದ್ವಾಂಸರೊಬ್ಬರು ದಾಸರ ಸಂಜೆಯ ಕೊನೆಗೆ ಹುರುಪಿನಿಂದ ತೆಲುಗು ಜಾವಳಿಯೊಂದನ್ನು ಎತ್ತಿಕೊಂಡರು. ರಾಯರು ಎದ್ದು ಒಳಗೆ ಹೋಗಿ ತಾಂಬೂಲದ ತಟ್ಟೆ ತಂದು ಅವರ ಮುಂದಿಟ್ಟರು. "ಇವತ್ತಿಗೆ ಮುಗೀತು ಸ್ವಾಮಿ. ಅದನ್ನ ನಾಳೆ ಹಾಡ್ರಿ." ವಿದ್ವಾಂಸರು ನಕ್ಕು ತಂಬೂರಿ ಕೆಳಗಿಟ್ಟರು.

ಕಮಲಿ ತಾನೇ ಪದ ಕಟ್ಟುತ್ತಿದ್ದಳು. ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು ನನಗೆ ಹಾಡಿ ತೋರಿಸುವಳು. ನಾನು ಅದನ್ನು ಪಿಟೀಲಿನಲ್ಲಿ ಹಿಡಿಯುತ್ತಿದ್ದೆ. ಒಂದು ದಿನ ನನ್ನೆದುರಿಗೇ ಅಪ್ಪನನ್ನು ಕೇಳಿದಳು.

"ಅಪ್ಪಾ, ಈ ಸಲ ಒಂದು ಸಂಜೆ ನಾನು ಕಟ್ಟಿದ್ದು ಹಾಡ್ಲಾ?"

ಎಲೆಗೆ ಸುಣ್ಣ ಹಚ್ಚುತ್ತಿದ್ದ ರಾಯರು ತಲೆಯೆತ್ತಲಿಲ್ಲ. "ಅಂಥ ದೊಡ್ಡೋರ ಸಾಲಲ್ಲಿ ಕೂರ್ತೀಯೇನೇ? ಮೊದ್ಲು ಅವರದ್ದು ನೆಟ್ಟಗೆ ಕಲಿ."

"ಒಂದ್ಸಲ ಕೇಳಪ್ಪಾ."

"ಸರಿ ಕಣೇ, ಆಮೇಲೆ ನೋಡೋಣ."

ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಸಂಗೀತವನ್ನು ಬೆಳಕಿರುವಾಗಲೇ ಮುಗಿಸುತ್ತಿದ್ದರು. ಆ ಚಳಿಗಾಲದಲ್ಲಿ ಕಮಲಿಗೆ ವಿಷಮಶೀತ ಜ್ವರ ಬಂತು. ಬಸ್ಸಿನಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೋದರು. ತಿರುಗಿ ಬಂದವರು ರಾಯರೊಬ್ಬರೇ. ಮಾತಾಡಿಸಲು ಬಂದವರಿಗೆಲ್ಲ ಕಾಫಿ ಆಯಿತೇ ಎಂದು ಕೇಳಿದರು. ನನಗೂ ಅಳು ಬರಲಿಲ್ಲ. ಪಿಟೀಲಿನ ತಂತಿ ಸಡಿಲಿಸಿ ಪೆಟ್ಟಿಗೆಯಲ್ಲಿಟ್ಟೆ, ಹೋಗಿ ಅಕ್ಕಿ ಆರಿಸಿದೆ.

ರಾಮನವಮಿ ಹತ್ತಿರವಾಯಿತು. ಈ ಸಲ ಏನೂ ಇರುವುದಿಲ್ಲ ಎಂದು ಊರವರು ಅಂದುಕೊಂಡಿದ್ದರು. ರಾಯರು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು.

"ಪದ್ದೂ, ಕೊನೇ ಸಂಜೆ ಕಮಲೀದು. ನೀನು ನುಡಿಸ್ಬೇಕು ಕಣೇ. ಬೇರೆ ಯಾರಿಗೂ ಬರಲ್ವಲ್ಲ."

ನುಡಿಸಿದೆ. ನನಗೆ ಪೂರ್ತಿ ಬರುತ್ತಿದ್ದುದು ನಾಲ್ಕೇ ಪದ. ಮೃದಂಗದವರು ಊಹಿಸಿಕೊಂಡು ಮೆಲ್ಲಗೆ ಜೊತೆಗೂಡಿದರು. ರಾಯರು ಕಂಬಕ್ಕೆ ಒರಗಿ ಬೀದಿಯ ಕಡೆ ನೋಡುತ್ತಿದ್ದರು. ಮುಗಿದ ಮೇಲೆ ಎಲ್ಲರಿಗೂ ಪಾನಕ ಕೊಟ್ಟರು, ನನಗೂ ಕೊಟ್ಟರು.

ಆಮೇಲೆ ನಾನು ಮದುವೆಯಾಗಿ ಮಾಲೂರಿಗೆ ಹೋದೆ. ಒಮ್ಮೆ ತವರಿಗೆ ಬಂದಿದ್ದಾಗ ಅವರನ್ನು ನೋಡಿದೆ, ಅದೇ ಕೊನೆ. ತುಂಬ ಇಳಿದುಹೋಗಿದ್ದರು. ಕುಶಲ ವಿಚಾರಿಸಿ, "ಅವಳ ಪದ ನಂಗೆ ಹೇಳ್ಕೊಡ್ತೀಯಾ?" ಎಂದರು.

ನನಗೆ ಸರಿಗಮ ಕಲಿಸಿದವರು ನನ್ನೆದುರು ಚಕ್ಕಳಮಕ್ಕಳ ಹಾಕಿ ಕುಳಿತರು. ಮೊದಲ ಸಾಲು ಹಾಡಿದೆ, ಹಿಂದೆಯೇ ಹಾಡಿದರು. ಎರಡನೆಯ ಸಾಲು ತಪ್ಪಿತು. ತಿದ್ದಿದೆ. ಮತ್ತೆ ತಪ್ಪಿತು.

"ಅವಳು ಇದ್ದಾಗ ನಾನಿದನ್ನ ಒಂದ್ಸಲನಾದ್ರೂ ಕೇಳಿದ್ನಾ ಪದ್ದೂ?"

"ಇಲ್ಲ ಮಾವ."

ತಲೆಯಾಡಿಸಿದರು. ಧೋತರದ ಅಂಚಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು.

"ಸರಿ," ಎಂದರು. "ಮೊದಲಿಂದ ಹೇಳ್ಕೊಡು."