ಎಂಟನೆಯ ದಿನ ಬಿಚ್ಚಿದ ಕಾಲು

ಕನ್ನೊಳ್ಳಿಯ ರಾಜಬಿ ಪಡಸಾಲೆಯಲ್ಲಿ ಕುಳಿತು ತತ್ತಿಯ ಬಿಳಿಯನ್ನು ಬಟ್ಟಲಿಗೆ ಇಳಿಸುತ್ತಿದ್ದಾಗ ಪಕ್ಕದ ಮನೆಯ ಗುರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. ಅದು 1961ರ ಬೇಸಿಗೆ.

"ರಾಜಬಿ, ನನ್ನ ಮಗನ ಕಾಲು ಕೊಳ್ಯಾಕತ್ತೈತಿ. ನಾಯಿ ಬಂದು ಬಾಗಿಲಾಗ ನಿಂದರ್ತಾವ. ಸೊಲ್ಲಾಪುರಕ್ಕ ಕಳಿಸಿದಾಕಿ ನೀನ. ಈಗ ನೀನ ನೋಡು."

ರಾಜಬಿ ಎಲುಬು ಕಟ್ಟುವಾಕೆ. ಮಾವನಿಂದ ಕಲಿತದ್ದು, ಇಪ್ಪತ್ತು ವರ್ಷದ ರೂಢಿ. ಬಿದಿರಿನ ದಬ್ಬೆ, ತತ್ತಿಯಲ್ಲಿ ನೆನೆಸಿದ ಅರಿವೆ. ಎಂಟನೆಯ ದಿನ ಬಿಚ್ಚಿ ನೋಡಿ ಮತ್ತೆ ಕಟ್ಟುವುದು. ಚರ್ಮ ಹರಿದು ಎಲುಬು ಹೊರಬಂದಿದ್ದರೆ ಮಾತ್ರ ಆಕೆ ಕೈ ಹಚ್ಚುತ್ತಿರಲಿಲ್ಲ. ಗುರವ್ವನ ಮಗ ಗುರಪ್ಪನ ಎಡಗಾಲಿನ ಮೇಲೆ ಬಂಡಿಯ ಗಾಲಿ ಹಾಯ್ದು ಎಲುಬು ಹೊರಬಂದಾಗ ಆಕೆಯೇ ಅವನನ್ನು ಸೊಲ್ಲಾಪುರದ ದವಾಖಾನೆಗೆ ಕಳಿಸಿದ್ದಳು. ವಿಲಾಯತಿಯಲ್ಲಿ ಕಲಿತ ಡಾಕ್ಟರು ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ, ಹೊಲಿಗೆ ಹಾಕದೆ ಗಾಯದ ಮೇಲೆಯೇ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದರು.

"ಆರು ವಾರ ತೆಗೀಬ್ಯಾಡ್ರಿ ಅಂದಾರಲ್ಲ, ಅಕ್ಕಾ. ನಾತ ಬರತೈತಿ ಅಂತನೂ ಹೇಳ್ಯಾರ."

"ಅವರು ಸೊಲ್ಲಾಪುರದಾಗ ಕುಂತಾರ. ಅವರ ಮೂಗಿಗೆ ಬಡೀತೈತೇನು?"

ರಾಜಬಿ ಎದ್ದು ಅವಳ ಮನೆಗೆ ಹೋದಳು. ಗುರಪ್ಪ ಹೊರಸಿನ ಮೇಲೆ ಮಲಗಿದ್ದ. "ಚಿಗವ್ವಾ, ಕಾಲು ಉಳೀತೈತೋ ಇಲ್ಲೋ, ಅಷ್ಟ ಹೇಳು."

ರಾಜಬಿ ಅವನ ಕಾಲ್ಬೆರಳು ಹಿಡಿದಳು. ಬೆಚ್ಚಗಿದ್ದವು. ಉಗುರು ಒತ್ತಿ ಬಿಟ್ಟರೆ ಕೆಂಪು ಮರಳುತ್ತಿತ್ತು; ಕಾಲಿನಲ್ಲಿ ರಕ್ತ ಓಡುತ್ತಿತ್ತು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಅವನು ಊರಿಗೆ ಬಂದು ಅಂದಿಗೆ ಎಂಟು ದಿನ. ಎಂಟನೆಯ ದಿನ ಬಿಚ್ಚದೆ ಬಿಟ್ಟ ಕಟ್ಟು ಆಕೆಯ ಕೈಯಲ್ಲಿ ಇರಲೇ ಇಲ್ಲ. ಬಿಸಿನೀರು ತರಿಸಿ ಪ್ಲಾಸ್ಟರ್ ನೆನೆಸಿ, ಚೂರಿಯಿಂದ ಉದ್ದಕ್ಕೆ ಸೀಳಿದಳು.

ಕೀವು ಇಳಿಯಿತು. ಒರೆಸಿದರೆ ಕೆಳಗೆ ದಾಳಿಂಬೆ ಕಾಳಿನಂಥ ಹೊಸ ಮಾಂಸ. ಎಲ್ಲಿಯೂ ಕೊಳೆತಿರಲಿಲ್ಲ. ಆಕೆ ಉಸಿರು ಬಿಡುವಷ್ಟರಲ್ಲಿ ಆಧಾರ ತಪ್ಪಿದ ಕಾಲು ಹೊರಳಿತು. ಗುರಪ್ಪ ಚೀರಿದ. ಕೂಡತೊಡಗಿದ್ದ ಎಲುಬು ಅಂಗೈಯ ಕೆಳಗೆ ಜಾರಿದ್ದು ರಾಜಬಿಗೆ ತಿಳಿಯಿತು.

"ಡಾಕ್ಟರ ಮಾತ ಖರೇ ಇತ್ತು," ಎಂದಳು.

ದಬ್ಬೆ ಕಟ್ಟಿ, ಮರುದಿನದ ಬಸ್ಸಿಗೆ ತಾಯಿ-ಮಗನ ಜೊತೆ ಆಕೆಯೂ ಹತ್ತಿದಳು. ದವಾಖಾನೆಯಲ್ಲಿ ಗುರವ್ವ ಬಾಯಿ ತೆರೆಯುವ ಮೊದಲೇ ರಾಜಬಿ ಹೇಳಿದಳು: "ಬಿಚ್ಚಿದಾಕಿ ನಾನರಿ."

ಡಾಕ್ಟರು ದಬ್ಬೆ ಬಿಚ್ಚಿ ಗಾಯ ನೋಡಿದರು. "ನಾ ಕಲತಲ್ಲಿ ಪೂರಾ ಮುಚ್ಚಿಬಿಡ್ತಿದ್ರು. ಅಮೇರಿಕಾದಾಗ ಕಲತ ನನ್ನ ಗೆಳೆಯ ಪ್ಲಾಸ್ಟರಿಗೆ ಕಿಟಕಿ ಕೊರದು ಗಾಯ ನೋಡ್ತಾನ. ನಿಮ್ಮೂರಿಗೆ ಕಿಟಕೀನ ಬೇಕು."

ಈ ಸಲ ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿ, ಗಾಯದ ಮೇಲೆ ಅಂಗೈಯಗಲದ ಕಿಟಕಿ ಬಿಟ್ಟರು. ಪಟ್ಟಿ ಬದಲಿಸುವುದನ್ನು ರಾಜಬಿಗೇ ಕಲಿಸಿದರು.

ಕಾಲು ಉಳಿಯಿತು, ಎಲುಬು ಜಾರಿದ್ದಕ್ಕೆ ಎರಡು ಬೆರಳಿನಷ್ಟು ಗಿಡ್ಡವಾಗಿ. ದೀಪಾವಳಿಯ ಹೊತ್ತಿಗೆ ಸಿಂದಗಿಯಲ್ಲಿ ಚಪ್ಪಲಿ ಹೊಲಿಯುವವನು ಗುರಪ್ಪನ ಎಡಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಕೊಟ್ಟ.