ಮಣ್ಣಿನಿಂದ ತಂದ ವೋಲ್ಟೇಜು

ನನ್ನ ಭಾವನಿಗೆ ತಿಳಿಯದ ವಿಷಯ ಇರಲಿಲ್ಲ. ಕಾನಸೂರಿನ ರಸ್ತೆ ಬದಿಗೆ ಅವನದೊಂದು ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ದನದ ಕಾಯಿಲೆ, ಕೋರ್ಟಿನ ತಕರಾರು, ಸ್ಕೂಟರಿನ ಕಾರ್ಬುರೇಟರು, ಎಲ್ಲಕ್ಕೂ ಅವನ ಹತ್ತಿರ ಮದ್ದಿತ್ತು. ಅಕ್ಕಿ ತೂಗುತ್ತಲೇ ಹೇಳುತ್ತಿದ್ದ. ಕೇಳುವವರೂ ಅಂಥವರೇ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತಲೆಯಾಡಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವನ ಮನೆಯ ದೀಪಗಳು ಸೊರಗಿದವು. ಟ್ಯೂಬ್‌ಲೈಟು ಮಿಣಮಿಣ ಎಂದು ಹೊತ್ತಿಕೊಳ್ಳದೆ ಉಳಿಯುತ್ತಿತ್ತು. ಪಕ್ಕದ ಮನೆಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ದೋಷ ತನ್ನ ಮನೆಯ ವಯರಿನಲ್ಲೇ ಇದೆ ಎಂದು ಎಂಥವರಿಗೂ ಹೊಳೆಯಲು ಅಷ್ಟು ಸಾಕಿತ್ತು. ಭಾವನಿಗೆ ಹೊಳೆದದ್ದು ಬೇರೆ.

ಕಂಬದಿಂದ ಮನೆಗೆ ಎರಡು ತಂತಿ ಬರುತ್ತವೆ. ಒಂದರಲ್ಲಿ ಬಂದ ಕರೆಂಟು ದೀಪ ಉರಿಸಿ ಇನ್ನೊಂದರಲ್ಲಿ ಮರಳುತ್ತದೆ. ಮರಳುವ ತಂತಿಗೆ ನ್ಯೂಟ್ರಲ್ ಎನ್ನುತ್ತಾರೆ. ಇವೆರಡರ ಹೊರತಾಗಿ ಅರ್ತಿಂಗ್ ತಂತಿಯೊಂದು ಅಂಗಳದಲ್ಲಿ ಹುಗಿದ ಕಬ್ಬಿಣದ ಪೈಪಿಗೆ ಹೋಗುತ್ತದೆ. ಇಸ್ತ್ರಿಪೆಟ್ಟಿಗೆಯ ಮೈಗೆ ಕರೆಂಟು ತಗುಲಿದಾಗಷ್ಟೇ ಅದಕ್ಕೆ ಕೆಲಸ. ಉಳಿದಂತೆ ಅದು ಸುಮ್ಮನಿರಬೇಕು. ಭಾವ ನ್ಯೂಟ್ರಲ್ ತಂತಿಯನ್ನು ಬಿಚ್ಚಿ ಆ ಜಾಗಕ್ಕೆ ಅರ್ತಿಂಗ್ ತಂತಿಯನ್ನು ಕಟ್ಟಿದ. ದೀಪಗಳು ಝಗ್ಗೆಂದವು. ಅಂದಿನಿಂದ ಮನೆಯ ಕರೆಂಟೆಲ್ಲ ಅಂಗಳದ ಮಣ್ಣಿಗೆ ಇಳಿಯತೊಡಗಿತು.

ಮಣ್ಣು ಒಣಗಿದರೆ ದೀಪ ಮತ್ತೆ ಮಂಕಾಗುತ್ತಿತ್ತು. ಅದಕ್ಕೂ ಅವನಲ್ಲಿ ಮದ್ದಿತ್ತು: ದಿನಾ ಸಂಜೆ ಪೈಪಿನ ಬುಡಕ್ಕೆ ಒಂದು ಕೊಡ ಉಪ್ಪುನೀರು. ಹೊಯ್ಯುವ ಕೆಲಸ ನನ್ನ ಅಕ್ಕನದು.

ನಾನಾಗ ಶಿರಸಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಹೋದವನು ಇದನ್ನು ಕಂಡು ಅಂಗಡಿಯಲ್ಲೇ ಹೇಳಿದೆ: "ಭಾವ, ಇದು ಅಪಾಯ. ಆ ಪೈಪು ಮುಟ್ಟಿರೆ ಹೊಡೀತು."

"ಕಾಲೇಜಲ್ಲಿ ಕಲಿಸಿದ್ವಾ ಇದ್ನ?" ಎಂದ ಭಾವ. "ಪುಸ್ತಕದ ಬಲ್ಬು ಪುಸ್ತಕದಲ್ಲೇ ಉರೀತು ಮಾರಾಯ. ಇಲ್ಲಿ ಉರಿಸಿದ್ದು ಆನು."

ಕಾಫಿಪುಡಿಗೆ ಬಂದಿದ್ದ ಮುದುಕ ದನಿಗೂಡಿಸಿದ: "ಈಗಿನ ಹುಡುಗ್ರು ಹಂಗೇಯ. ಫ್ಯೂಸು ಹಾಕಲೆ ಬತ್ತಿಲ್ಲೆ, ಕೈಯಲ್ಲಿ ಡಿಗ್ರಿ!"

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಹೇಳಿದಳು, "ಒಂದೊಂದ್ಸಲ ಕೈ ಜುಂ ಹೇಳ್ತು ತಮಾ."

"ಜುಂ ಹೇಳಿರೆ ಅರ್ತಿಂಗ್ ಗಟ್ಟಿ ಇದ್ದು ಹೇಳಿ ಲೆಕ್ಕ!" ಎಂದ ಭಾವ.

ಎಲ್ಲರೂ ನಕ್ಕರು. ನಾಚಿಕೆಗೇಡಿನ ಸಂಗತಿಯೆಂದರೆ ನಾನೂ ನಕ್ಕೆ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನು, ಬೆಲ್ಲ ಚೀಪುವ ನಾಲ್ಕು ಜನರೆದುರು ಬಾಯಿ ಮುಚ್ಚಿಕೊಂಡೆ.

ಆಮೇಲೆ ಎರಡು ದಿನ ಸಿದ್ದಾಪುರಕ್ಕೆ ಮದುವೆಗೆ ಹೋಗಿದ್ದೆವು. ಪೈಪಿನ ಬುಡಕ್ಕೆ ನೀರು ಬಿದ್ದಿರಲಿಲ್ಲ. ತಿರುಗಿ ಬಂದ ಸಂಜೆ ದೀಪ ಮಂಕಾಗಿತ್ತು, ಟಿವಿಯ ಚಿತ್ರ ಕುಗ್ಗಿ ನಡುವೆ ನಿಂತಿತ್ತು. "ನೀರು ಹೊಯ್ಯೇ ಬೇಗ, ವಾರ್ತೆ ಶುರುವಾತು!" ಎಂದು ಭಾವ ಒಳಗಿನಿಂದ ಕೂಗಿದ. ಅಕ್ಕ ಬರಿಗಾಲಿನಲ್ಲಿ ತಾಮ್ರದ ಕೊಡ ಹಿಡಿದು ಅಂಗಳಕ್ಕಿಳಿದಳು. ನಾನು ಜಗಲಿಯ ಮೇಲಿದ್ದೆ.

ಅವಳು ಬಗ್ಗಿ ಹೊಯ್ಯುವಾಗ ಕೊಡದ ಬಾಯಿ ಪೈಪಿಗೆ ತಗುಲಿತು. ಕೂಗಲಿಲ್ಲ. ಬಗ್ಗಿದವಳು ಬಗ್ಗಿಯೇ ಉಳಿದಳು. ಮೊಣಕೈ ಮಾತ್ರ ಅದುರುತ್ತಿತ್ತು, ನೀರು ಸುರಿಯುತ್ತಲೇ ಇತ್ತು, ಅವಳ ಪಾದದ ಸುತ್ತ ಹರಡುತ್ತಿತ್ತು. ಮಣ್ಣು ನೆನೆದ ಹಾಗೆ ಕಿಟಕಿಯ ಬೆಳಕು ಏರಿತು.

"ಹಾಂ! ಬಂತು ನೋಡು ವೋಲ್ಟೇಜು!" ಒಳಗಿನಿಂದ ಭಾವನ ಖುಷಿಯ ದನಿ. "ಇನ್ನೂ ಚೂರು ಹೊಯ್ಯಿ!"

ಅವಳ ತೋಳು ಹಿಡಿದೆಳೆಯಲು ಒಂದು ಹೆಜ್ಜೆ ಇಟ್ಟುಬಿಟ್ಟಿದ್ದೆ. ಹಿಡಿದಿದ್ದರೆ ಇಬ್ಬರೂ ಅಲ್ಲೇ ಉಳಿಯುತ್ತಿದ್ದೆವು. ಹೇಗೋ ತಿರುಗಿದೆ. ಜಗಲಿಯ ತುದಿಯಿಂದ ಮೇನ್ ಸ್ವಿಚ್ಚಿಗೆ ಹದಿನಾಲ್ಕು ಹೆಜ್ಜೆ. ಈಗಲೂ ನಿದ್ದೆ ಹತ್ತುವ ಮುಂಚೆ ಎಣಿಸುತ್ತೇನೆ. ಕೆಲವು ಸಲ ಹದಿನಾಲ್ಕಾದರೂ ಸ್ವಿಚ್ಚು ಸಿಗುವುದಿಲ್ಲ. ಅಂದು ಸಿಕ್ಕಿತು. ಕೆಳಗೆಳೆದೆ. ಅಂಗಳದಲ್ಲಿ ಕೊಡ ಬಿದ್ದ ಸದ್ದು, ಅದರ ಹಿಂದೆ ಅವಳು ಬಿದ್ದ ಸದ್ದು.

"ಮೇನ್ ತೆಗೆದಿದ್ದು ಯಾರು? ವಾರ್ತೆ ಮುಗದ್ದಿಲ್ಲೆ!" ಎನ್ನುತ್ತ ಭಾವ ಹೊರಗೆ ಬಂದ. ಅಕ್ಕನನ್ನು ಕಂಡ. ಅವಳಿಗೆ ಉಸಿರಿತ್ತು, ಬಲಗೈಯ ಎರಡು ಬೆರಳು ಸುಟ್ಟು ಬಿಳಿಚಿದ್ದವು. ಅವನು ಹೇಳಿದ್ದು ಇಷ್ಟು: "ಚಪ್ಪಲಿ ಹಾಕ್ಕಂಡು ಹೊಯ್ಯದಲ್ದಾ?"

ಮರುದಿನ ನಾನೇ ಹೋಗಿ ಲೈನ್‌ಮ್ಯಾನ್‌ನನ್ನು ಕರೆತಂದೆ. ಅವನು ಎರಡು ವಯರು ಕಟ್ಟಿದ ಬಲ್ಬು ಹಿಡಿದು ಮೀಟರಿನ ಹತ್ತಿರ ನೋಡಿದ, ಮಂಕು. ಸೂರಿನ ಹೊರಗೆ, ತಂತಿ ಮನೆ ಸೇರುವಲ್ಲಿ ನೋಡಿದ, ಪ್ರಕಾಶ. ನಡುವೆ ನ್ಯೂಟ್ರಲ್ ತಂತಿಗೆ ಒಂದು ಜಾಯಿಂಟು. ಹಿಂದಿನ ವರ್ಷ ಸೂರು ಮುಂದಕ್ಕೆ ಚಾಚಿಸಿದಾಗ ಭಾವನೇ ಕೈಯಲ್ಲಿ ತಿರುಚಿ ಬಿಟ್ಟದ್ದು, ಟೇಪು ಕೂಡ ಇಲ್ಲ. ಅದರ ಮೇಲೆ ತುಕ್ಕಿನ ಬಿಳಿ ಪುಡಿ ಕಟ್ಟಿತ್ತು. ಲೈನ್‌ಮ್ಯಾನ್ ಕಂಬದ ಫ್ಯೂಸು ತೆಗೆದು, ಜಾಯಿಂಟು ಬಿಚ್ಚಿ ಕೆರೆದು ಬಿಗಿದ. ಅರ್ತಿಂಗ್ ತಂತಿಯನ್ನು ಅದರ ಜಾಗಕ್ಕೆ ಮರಳಿಸಿದ. ಎಲ್ಲ ಸೇರಿ ಹತ್ತು ನಿಮಿಷ.

ಸಂಜೆಯೊಳಗೆ ಅಂಗಡಿಯಲ್ಲಿ ಹೊಸ ಕಥೆ ಸಿದ್ಧವಾಗಿತ್ತು. "ಜಾಯಿಂಟು ಲೂಸಿತ್ತು. ಆನೇ ಕರೆಸಿ ಸರಿ ಮಾಡ್ಸಿದ್ದು," ಎಂದು ಭಾವ ಸಕ್ಕರೆ ಕಟ್ಟುತ್ತ ಹೇಳುತ್ತಿದ್ದ. ಬೆಲ್ಲದ ಬಾಯಿಗಳು ತಲೆಯಾಡಿಸುತ್ತಿದ್ದವು. ಆ ಮುದುಕನೂ ಇದ್ದ.

ಒಳಗೆ ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಣ್ಣುತ್ತಿದ್ದಳು. ನನ್ನ ಮುಖ ನೋಡದೆ ಕೇಳಿದಳು:

"ನಿಂಗೆ ಮೊದ್ಲೇ ಗೊತ್ತಿತ್ತು ಅಲ್ದಾ ತಮಾ?"

"ಗೊತ್ತಿತ್ತು."

ಅವಳ ಚಮಚ ಕೈಜಾರಿ ಬಿತ್ತು. ಎತ್ತಿಕೊಡಲು ನಾನು ಬಗ್ಗುವಷ್ಟರಲ್ಲಿ ಅವಳೇ ಎತ್ತಿಕೊಂಡಳು.