ಮೇಸ್ತ್ರಿ ಕಂಡ ಪ್ಲಗ್ಗಿನ ಬಣ್ಣ

ಅಕ್ಷರ ಓದಲು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಸ್ಪಾರ್ಕ್ ಪ್ಲಗ್ ಓದುವುದನ್ನು ಕೊಟ್ಟೂರಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಅದಕ್ಕೂ ಮೊದಲೇ ಕಲಿಸಿದ್ದರು. ಗಾಡಿಯನ್ನು ಜೋರಾಗಿ ಓಡಿಸಿ, ತಟ್ಟನೆ ಬಂದ್ ಮಾಡಿ, ಪ್ಲಗ್ ಬಿಚ್ಚಿ ತುದಿಯ ಪಿಂಗಾಣಿ ನೋಡಬೇಕು. ತುದಿಯ ಬಿಸಿಯನ್ನು ಬೇಗ ಬಿಡುವ ಪ್ಲಗ್ ತಂಪಿನದು, ಹಿಡಿದಿಟ್ಟುಕೊಳ್ಳುವುದು ಬಿಸಿಯದು. ಕರ್ರಗಿದ್ದರೆ ಆ ಎಂಜಿನ್ನಿಗೆ ಪ್ಲಗ್ ತೀರಾ ತಂಪು. ಬೆಳ್ಳಗಿದ್ದರೆ ತೀರಾ ಬಿಸಿ. ಹಾಗೇ ಓಡಿಸಿದರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಎದುರಿನ ಹೋಟೆಲಿನ ಚಹಾದ ಬಣ್ಣ ಬಂದರೆ ಸರಿ. ಆ ಹೋಟೆಲು ಈಗಿಲ್ಲ. ಬಣ್ಣ ಮಾತ್ರ ನನ್ನ ಕಣ್ಣಲ್ಲಿದೆ.

ಕೆಲವು ವರ್ಷಗಳ ಹಿಂದೆ ಮೇಸ್ತ್ರಿ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು, ಓಟದ ಗಾಡಿಯಂತೆ ಎಂಜಿನ್ ಕಟ್ಟಿದರು. ಜೀವನವೆಲ್ಲ ಮಂದಿಯ ಗಾಡಿ ರಿಪೇರಿ ಮಾಡಿದವರಿಗೆ ಅದೊಂದೇ ಆಸೆ. ಪ್ಲಗ್ ಆರಿಸುವುದಷ್ಟೇ ಉಳಿದಿತ್ತು. ಹರಪನಹಳ್ಳಿ ರಸ್ತೆಯಲ್ಲಿ ನಾನು ಜೋರಾಗಿ ಓಡಿಸಿ ನಿಲ್ಲಿಸಿದೆ. ಬಿಚ್ಚಿದ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ಅವರು ಹಿಗ್ಗಿದರು.

"ನೋಡಲೇ, ಚಹಾ! ಇದ ಇರಲಿ. ನಾಳೆ ಹಡಗಲಿ ತನಕ ಹೊಡಿಯೋಣು."

ನನಗೆ ಅದು ಸುಣ್ಣದಂತೆ ಕಂಡಿತು.

"ಬೆಳ್ಳಗೈತ್ರಿ ಮೇಸ್ತ್ರಿ."

"ಮೂವತ್ತಕ್ಕ ಸಾಲಿ ಕಲ್ತು, ಈಗ ನನಗ ಪ್ಲಗ್ ಓದಾಕ ಕಲಸ್ತೀಯೇನ?"

ಹಡಗಲಿ ಮುಟ್ಟುವುದರೊಳಗೆ ಎಂಜಿನ್ ಸುಟ್ಟುಹೋಗುತ್ತಿತ್ತು. ಕಲಿಸಿದವರಿಗೆ ಎದುರು ಮಾತಾಡಲೂ ಆಗದು. ಡಬ್ಬಿಯಿಂದ ಬಳಸದ ಹೊಸ ಪ್ಲಗ್ ತೆಗೆದು, ಅವರ ಅಂಗೈಯಲ್ಲಿ ಬಿಚ್ಚಿದ್ದರ ಪಕ್ಕಕ್ಕಿಟ್ಟೆ.

"ಇದೆಂಥಾ ಬಣ್ಣ ಐತ್ರಿ?"

"ಇದೂ ಚಹಾ..." ಎಂದವರು ಅಲ್ಲಿಗೇ ನಿಂತರು. ಹೊಸ ಪ್ಲಗ್ಗಿನ ಪಿಂಗಾಣಿ ಬೆಳ್ಳಗಿರುತ್ತದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಕಣ್ಣಾಗ ಪೊರಿ ಬಂದೈತಿ ಅಂತ ಮನಿಯಾಕಿ ಅಂದಿದ್ಲು. ನಾ ಕಿವಿಗೆ ಹಾಕ್ಕೊಳ್ಳಿಲ್ಲ. ಬಿಳೀದೆಲ್ಲ ಚಹಾ ಆಗಿ ಕಾಣಾಕತ್ತೈತಿ." ಎರಡೂ ಪ್ಲಗ್ಗನ್ನು ನನ್ನ ಕೈಗೆ ಹಾಕಿ, "ತಂಪಿಂದು ಯಾವುದೈತಿ? ಡಬ್ಬಿ ಮ್ಯಾಲಿನ ನಂಬರ್ ನೀನ ಓದು" ಎಂದರು.

ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಾಕಿ, ಓಡಿಸಿ, ಬಿಚ್ಚಿದೆ. ಮೇಸ್ತ್ರಿ ಈ ಸಲ ಕೈ ಚಾಚಲಿಲ್ಲ.

"ಹೇಳಲೇ."

"ಚಹಾ ಆಗೈತ್ರಿ."

"ಬಸ್‌ಸ್ಟ್ಯಾಂಡಿಂದೋ? ಅವ ಬರೇ ನೀರು ಹಾಕ್ತಾನ."

"ಅಲ್ರಿ, ನಮ್ಮ ಎದುರಿನ ಹೋಟೆಲ್ಲಿಂದು."

ಮರುದಿನ ಹಡಗಲಿಗೆ ಹೋಗಿಬಂದೆವು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಗ್ಯಾರೇಜಿಗೆ ಬಂದವರೇ ಮೊದಲು ಕೇಳಿದ್ದು ಆ ಬಿಳಿ ಪ್ಲಗ್ಗನ್ನು. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು.

"ಥೂ, ಸುಣ್ಣನ ಐತಲ್ಲಲೇ!" ಎಂದು ನಕ್ಕು, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.